ಟೈಲ್ಸ್‌ಗಿಂತ ಮೊದಲು ನೆಲದಡಿಯ ಕೆಲಸ

ಮಳೆಗಾಲದಲ್ಲಿ ಹಾರಂಗಿ, ಹುದುಗೂರು, ಕೂಡಿಗೆ ಕಡೆಯಿಂದ ಚಿಕಿತ್ಸೆಗೆ ಬರುವವರಲ್ಲಿ ಎರಡು ದೂರು ಹೆಚ್ಚು. ವಯಸ್ಸಾದವರಿಗೆ ಬೆಳಗ್ಗೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ. ಮಕ್ಕಳಿಗೆ ನೆಗಡಿ, ರಾತ್ರಿ ಉಬ್ಬಸ. ನಾನು ಮೊದಲು ಕೇಳುವುದು: "ಮಲಗುವುದು ಎಲ್ಲಿ? ನೆಲ ಹೇಗಿದೆ?" "ಹೊಸ ಟೈಲ್ಸ್ ಹಾಕಿಸಿದ್ದೇವೆ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ.

ಟೈಲ್ಸ್ ನೆಲವನ್ನು ಹೊಳೆಯಿಸುತ್ತದೆ, ತೇವವನ್ನು ನಿಲ್ಲಿಸುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಸಿಮೆಂಟು, ಇಟ್ಟಿಗೆಗಳು ಮಣ್ಣಿನ ನೀರನ್ನು ಮೇಲಕ್ಕೆ ಎಳೆಯುತ್ತವೆ. ಟೈಲ್ಸ್‌ನ ಸಂದಿಯಿಂದ, ಗೋಡೆಯ ಬುಡದಿಂದ ಅದು ಹೊರಗೆ ಬರುತ್ತದೆ. ನಮ್ಮ ಮನೆಗಳಲ್ಲಂತೂ ನೆಲದ ಬಳಕೆ ಹೆಚ್ಚು. ನಮಾಝ್, ಸುಪ್ರ ಹಾಸಿ ಊಟ, ಮಕ್ಕಳ ಓದು, ಚಾಪೆಯ ನಿದ್ದೆ ಎಲ್ಲವೂ ಅಲ್ಲಿಯೇ.

ಆರೋಗ್ಯಕ್ಕೆ ಅಗತ್ಯವೆಂದು ಯುನಾನಿ ಹೇಳುವ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಮನೆಯ ಗಾಳಿ ತಂಪಾಗಿ, ತೇವವಾಗಿದ್ದರೆ ಕಫದ ತೊಂದರೆ ಹೆಚ್ಚುತ್ತದೆ ಎಂಬುದು ನಮ್ಮ ಹಕೀಮರ ತಿಳಿವಳಿಕೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2009ರಲ್ಲಿ ಹೇಳಿದೆ. ಸಂಧಿವಾತಕ್ಕೆ ತೇವವೊಂದೇ ಕಾರಣವಲ್ಲ. ಆದರೆ ಇರುವ ನೋವಿಗೆ ತಣ್ಣನೆಯ ನೆಲ ಹಿತವಲ್ಲ. ಹಗಲು ಮಾಜೂನ್ ಸುರಂಜಾನ್ ತಿಂದು ರಾತ್ರಿ ಒದ್ದೆ ನೆಲದಲ್ಲಿ ಮಲಗಿದರೆ ಔಷಧ ಏನು ಮಾಡೀತು?

ಮೊದಲು ತೇವದ ಮೂಲ ತಿಳಿಯಿರಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ನಾಲ್ಕೂ ಅಂಚು ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ನೀರಹನಿ ಕಂಡರೆ ತೇವ ಮಣ್ಣಿನಿಂದ ಬರುತ್ತಿದೆ. ಮೇಲೆ ಕಂಡರೆ ಕೋಣೆಯ ಗಾಳಿಯದು. ಕಿಟಕಿ ತೆರೆಯಬೇಕು, ಒದ್ದೆ ಬಟ್ಟೆಗಳನ್ನು ಒಳಗೆ ಒಣಹಾಕಬಾರದು.

ಮಣ್ಣಿನ ತೇವವಾದರೆ ಕೆಲಸ ಹೊರಗಿನಿಂದ ಶುರುವಾಗಲಿ. ಮಾಡಿನ ನೀರು ಗೋಡೆ ಬುಡಕ್ಕೆ ಬೀಳದಂತೆ ದಂಬೆ ಕಟ್ಟಿಸಿ, ಚರಂಡಿ ತೋಡಿಸಿ. ಗೋಡೆಗೆ ಒರಗಿಸಿದ ಮಣ್ಣು, ಸೌದೆ ತೆಗೆಯಿರಿ. ಮರದ ಹಲಗೆಯ ನೆಲವಿರುವ ಹಳೆಯ ಮನೆಗಳಲ್ಲಿ ಹಲಗೆಯಡಿಯ ಗಾಳಿಕಿಂಡಿಗಳನ್ನು ಹಾವು, ಇಲಿಯ ಭಯದಿಂದ ಮುಚ್ಚಬೇಡಿ, ಬಲೆ ಹೊಡೆಸಿ. ಇಲ್ಲದಿದ್ದರೆ ಹಲಗೆ ಕೊಳೆಯುತ್ತದೆ.

ಬಾಡಿಗೆ ಮನೆ, ತೋಟದ ಲೈನ್ ಮನೆಗಳಲ್ಲಿರುವವರು ನೆಲ ಕೀಳಲಾರರು. ಅವರು ವೃದ್ಧರಿಗೆ, ಮಕ್ಕಳಿಗೆ ಮಂಚವನ್ನೋ, ಕೆಳಗೆ ಗಾಳಿಯಾಡುವಂತೆ ರೀಪು ಬಡಿದ ಹಲಗೆಯನ್ನೋ ಮಾಡಿಕೊಡಲಿ. ಜಮಖಾನೆ, ಮುಸಲ್ಲಾಗಳನ್ನು ನೆಲದಲ್ಲಿಯೇ ಬಿಡದೆ ಎತ್ತಿ ಒಣಗಿಸಲಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರ ಪ್ರಾಣ ಹೋಗಬಹುದು.

ಹೊಸದಾಗಿ ಕಟ್ಟುವವರಿಗೆ ನನ್ನ ಮಾತು ಇಷ್ಟೇ. ಸುತ್ತಲಿನ ಮಣ್ಣಿಗಿಂತ ನೆಲ ಕನಿಷ್ಠ ಒಂದೂವರೆ ಅಡಿ ಎತ್ತರವಿರಲಿ. ಅಡಿಪಾಯದ ಮೇಲೆ ತೇವ ತಡೆಯುವ ಪದರ, ಕಾಂಕ್ರೀಟಿನ ಅಡಿಯಲ್ಲಿ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಇರಲಿ. ಹಾಳೆಗಳು ಒಂದರ ಮೇಲೊಂದು ಅರ್ಧ ಅಡಿ ಬರಲಿ. ಇದರ ಖರ್ಚು ಟೈಲ್ಸ್‌ನ ಖರ್ಚಿನ ಮುಂದೆ ಸಣ್ಣದು, ಆದರೆ ಆಮೇಲೆ ಮಾಡಿಸಲು ನೆಲವನ್ನೇ ಅಗೆಯಬೇಕು.

2018ರ ಆಗಸ್ಟ್‌ನ ಮಳೆಯಲ್ಲಿ ಕೊಡಗಿನ ಎಷ್ಟೋ ಕುಟುಂಬಗಳು ಮನೆ ಕಳೆದುಕೊಂಡವು. ಬಡವರಿಗೆ ಮನೆ ಕಟ್ಟಿಸಿಕೊಡುವ ಜಮಾಅತ್ ಕಮಿಟಿಗಳು, ದಾನಿಗಳಲ್ಲಿ ನನ್ನದೊಂದು ವಿನಂತಿ. ಬೀಗದ ಕೈ ಕೊಡುವ ದಿನ ಫೋಟೋದಲ್ಲಿ ಟೈಲ್ಸ್ ಕಾಣುತ್ತದೆ, ಹಾಳೆ ಕಾಣುವುದಿಲ್ಲ. ಆದರೂ ಹಣ ಸಾಲದೆ ಬಂದರೆ ಟೈಲ್ಸ್ ಬಿಡಿ, ಹಾಳೆ ಬಿಡಬೇಡಿ. ಸಿಮೆಂಟ್ ನೆಲವಾದರೂ ಒಣಗಿದ್ದರೆ ಆ ಮನೆಯ ಮಗು ರಾತ್ರಿ ನೆಮ್ಮದಿಯಾಗಿ ಉಸಿರಾಡೀತು.