ಡಿಸ್ಚಾರ್ಜ್ ಆದ ಮೇಲಿನ ಆರು ವಾರ
ಹೃದಯ ವೈಫಲ್ಯದ ರೋಗಿಗೆ ಡಿಸ್ಚಾರ್ಜ್ ಎಂದರೆ ಗುಣವಾಯಿತೆಂದಲ್ಲ; ಶ್ವಾಸಕೋಶದಲ್ಲಿ, ಕಾಲಲ್ಲಿ ತುಂಬಿದ್ದ ನೀರು ಇಳಿಯಿತು, ಅಷ್ಟೇ. ಎಷ್ಟೋ ಚೀಟಿಗಳಲ್ಲಿ ‘ತಿಂಗಳು ಬಿಟ್ಟು ಬನ್ನಿ’ ಎಂದಿರುತ್ತದೆ. ಆ ತಿಂಗಳೇ ಅಪಾಯದ್ದು. 2022ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ‘ಸ್ಟ್ರಾಂಗ್-ಎಚ್‌ಎಫ್’ ಅಧ್ಯಯನದಲ್ಲಿ, ಮನೆಗೆ ಹೋದ ಎರಡೇ ವಾರದೊಳಗೆ ಔಷಧಿಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸುತ್ತ, 1, 2, 3 ಮತ್ತು 6ನೇ ವಾರ ರೋಗಿಗಳನ್ನು ಕರೆಸಿ ಪರೀಕ್ಷಿಸಿದರು. ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಅದೇ ತೊಂದರೆಯಿಂದ ಮತ್ತೆ ದಾಖಲಾದವರು ಎಂದಿನ ಆರೈಕೆಯಲ್ಲಿ ಸುಮಾರು ಶೇ 23, ಇವರಲ್ಲಿ ಶೇ 15. ಹೊಸ ಯಂತ್ರವಿಲ್ಲ, ಹೊಸ ಔಷಧಿಯೂ ಇಲ್ಲ. ನಮ್ಮ ಜಿಲ್ಲಾಸ್ಪತ್ರೆಗಳೂ ಇದನ್ನು ಮಾಡಲೇಬೇಕು. ಮನೆಯವರು ದಿನವೂ ತಿಂಡಿಗೆ ಮುಂಚೆ ರೋಗಿಯ ತೂಕ ನೋಡಿ ಬರೆದಿಡಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಬಹುಮಟ್ಟಿಗೆ ಅದು ನೀರೇ. ಏದುಸಿರು ಬರುವವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ.