ಯುವಕರ ಸೊಂಟನೋವು: ಕಡೆಗಣಿಸಬೇಡಿ

ಸೊಂಟನೋವು ಎಂದೊಡನೆ ಅದು ಅಜ್ಜ ಅಜ್ಜಿಯರ ಕಾಯಿಲೆ ಎಂದು ನಾವು ಭಾವಿಸುತ್ತೇವೆ. ಆದರೆ 30ರಿಂದ 50 ವರ್ಷದೊಳಗಿನವರನ್ನು, ಅಂದರೆ ಮನೆಯ ಭಾರ ಹೊತ್ತವರನ್ನೇ, ಹೆಚ್ಚಾಗಿ ಹಿಡಿಯುವ ಸೊಂಟದ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಅವಾಸ್ಕ್ಯುಲರ್ ನೆಕ್ರೋಸಿಸ್, ಚುಟುಕಾಗಿ ಎ.ವಿ.ಎನ್. ಎನ್ನುತ್ತಾರೆ. ರಕ್ತ ಸಿಗದೆ ಮೂಳೆ ಸಾಯುವುದು ಎಂದು ಅದರ ಅರ್ಥ.

ಮೂಳೆಗೂ ಜೀವವಿದೆ. ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಬಟ್ಟಲಿನೊಳಗೆ ತಿರುಗುತ್ತದೆ. ಈ ಚೆಂಡಿಗೆ ರಕ್ತ ಒಯ್ಯುವ ನಾಳಗಳು ಬಹಳ ಸಣ್ಣವು. ಅವು ಮುಚ್ಚಿದರೆ ಆ ಭಾಗ ಸಾಯುತ್ತದೆ. ಮುಂದೆ ಮೈಯ ಭಾರಕ್ಕೆ ಚೆಂಡು ಕುಸಿದು ಕೀಲು ಹಾಳಾಗುತ್ತದೆ.

ಇದಕ್ಕೆ ಕಾರಣಗಳೇನು? ಮೊದಲನೆಯದು ಪೆಟ್ಟು. ತೊಡೆಮೂಳೆಯ ಕುತ್ತಿಗೆ ಮುರಿದರೆ ಅಥವಾ ಅಪಘಾತದಲ್ಲಿ ಕೀಲು ತಪ್ಪಿದರೆ ರಕ್ತನಾಳಗಳು ಹರಿಯಬಹುದು. ತಪ್ಪಿದ ಕೀಲನ್ನು ಕೂಡಿಸಲು ತಡವಾದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಎಣ್ಣೆ ತಿಕ್ಕುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಪೆಟ್ಟಿಲ್ಲದೆ ಬರುವ ಎ.ವಿ.ಎನ್.ಗೆ ಎರಡು ದೊಡ್ಡ ಕಾರಣಗಳಿವೆ: ಸ್ಟೀರಾಯ್ಡ್ ಮತ್ತು ಮದ್ಯ. ಸ್ಟೀರಾಯ್ಡ್ ಪ್ರಾಣ ಉಳಿಸುವ ಔಷಧಿಯೂ ಹೌದು. ಆದರೆ ಹೆಚ್ಚು ಪ್ರಮಾಣದಲ್ಲಿ, ಬಹುಕಾಲ ತೆಗೆದುಕೊಂಡಾಗ ಮೂಳೆಗೆ ಅಪಾಯವಿದೆ. ಕೋವಿಡ್‌ಗೆ ಸ್ಟೀರಾಯ್ಡ್ ಪಡೆದ ಕೆಲವರಲ್ಲಿ ಈ ಕಾಯಿಲೆ ಕಂಡುಬಂದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ಅದೇ ಮಾತ್ರೆ ತರುವುದು, ಹೆಸರಿಲ್ಲದ ನೋವಿನ ಪುಡಿ ನುಂಗುವುದು ಬೇಡ. ಹಾಗೆಂದು ವೈದ್ಯರು ಬರೆದ ಸ್ಟೀರಾಯ್ಡನ್ನು ಹೆದರಿ ತಟ್ಟನೆ ನಿಲ್ಲಿಸಲೂಬಾರದು, ಅದೂ ಅಪಾಯವೇ. ಅವರನ್ನೇ ಕೇಳಿ ಹಂತಹಂತವಾಗಿ ಇಳಿಸಬೇಕು. ಇನ್ನು ಕುಡಿತ: ವರ್ಷಗಟ್ಟಲೆ ಮಿತಿಮೀರಿ ಕುಡಿದರೆ ಲಿವರ್ ಮಾತ್ರವಲ್ಲ, ಸೊಂಟವೂ ಕೆಡುತ್ತದೆ.

ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯೂ ಇನ್ನೊಂದು ಕಾರಣ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಸಣ್ಣ ನಾಳಗಳನ್ನು ಕಟ್ಟುತ್ತವೆ. ವಯನಾಡು, ನೀಲಗಿರಿಯ ಆದಿವಾಸಿ ಸಮುದಾಯಗಳಲ್ಲಿ, ವಯನಾಡಿನ ಚೆಟ್ಟಿ ಕುಟುಂಬಗಳಲ್ಲಿ ಇದು ಕಂಡುಬರುತ್ತದೆ. ಲೂಪಸ್ ರೋಗವಿರುವವರಿಗೂ, ಸೊಂಟದ ಭಾಗಕ್ಕೆ ರೇಡಿಯೇಶನ್ ಪಡೆದವರಿಗೂ ಅಪಾಯ ಹೆಚ್ಚು. ಕೆಲವರಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಆದ್ದರಿಂದ ಕುಂಟುತ್ತಾ ಬರುವವನನ್ನು ಕಂಡು "ಕುಡುಕನಿರಬೇಕು" ಎಂದು ಪಿಸುಗುಟ್ಟುವ ಮೊದಲು ನಾವು ನಾಲಿಗೆ ಬಿಗಿಹಿಡಿಯೋಣ.

ಲಕ್ಷಣಗಳನ್ನು ತಿಳಿದಿರಿ. ತೊಡೆಸಂದಿಯಲ್ಲಿ ನೋವು, ಕೆಲವೊಮ್ಮೆ ಮೊಣಕಾಲಿನಲ್ಲಿ ಮಾತ್ರ ನೋವು. ಚಕ್ಕಳಮಕ್ಕಳ ಹಾಕಿ ಕೂರಲು, ಮೊಣಕಾಲೂರಲು ಕಷ್ಟ. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಎಂ.ಆರ್.ಐ.ಯಲ್ಲಿ ಮಾತ್ರ ಕಾಯಿಲೆ ತಿಳಿಯುತ್ತದೆ. ಒಂದು ಕಡೆ ಬಂದರೆ ಇನ್ನೊಂದು ಸೊಂಟವನ್ನೂ ನೋಡಿಸಬೇಕು. ಚೆಂಡು ಕುಸಿಯುವ ಮೊದಲೇ ಗೊತ್ತಾದರೆ, ಮೂಳೆಯಲ್ಲಿ ರಂಧ್ರ ಕೊರೆದು ಒತ್ತಡ ಇಳಿಸುವ ಚಿಕಿತ್ಸೆಯಿಂದ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ಕುಸಿದ ಮೇಲೆ ಹೆಚ್ಚಿನವರಿಗೆ ಕೀಲು ಬದಲಿಸುವುದೇ ದಾರಿ.

ನಿಮ್ಮ ಮನೆಯಲ್ಲಿ ಯಾರಾದರೂ ಕೆಲವು ವಾರಗಳಿಂದ ತೊಡೆಸಂದಿ ಹಿಡಿದು ನಡೆಯುತ್ತಿದ್ದರೆ "ವಾಯು, ಹೋಗುತ್ತದೆ" ಎನ್ನದೆ ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ. ಹಿಂದೆ ತೆಗೆದುಕೊಂಡ ಔಷಧಿಗಳ ಚೀಟಿಗಳೂ ಜೊತೆಗಿರಲಿ.