ಪರದೆ ಹಿಂದಿನ ದಾಳ

"ಗೇಮ್ ಮಾಸ್ಟರ್ ಹೇಳಿದ್ದೇ ರೂಲು" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ರೇಗುತ್ತೆ. ಹೇಳೋರು ಅದನ್ನ ವೇದವಾಕ್ಯದ ಥರ ಹೇಳ್ತಾರೆ, ಅಲ್ಲಿಗೆ ಚರ್ಚೆ ಮುಗೀತು ಅಂತ. ಮುಗೀಲಿಲ್ಲ ಸ್ವಾಮಿ, ಈಗ ಶುರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟದಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂರ್ತೀವಿ. ಒಬ್ಬೊಬ್ಬರದ್ದು ಒಂದೊಂದು ಪಾತ್ರ: ಕತ್ತಿ ಹಿಡಿದವನು, ಮಂತ್ರ ಹಾಕೋನು, ಗಾಯ ವಾಸಿ ಮಾಡೋ ಕ್ಲೆರಿಕ್ಕು ಹೀಗೆ. ಉಳಿದ ಇಡೀ ಲೋಕ, ಅಂದ್ರೆ ರಾಕ್ಷಸರು, ಊರು, ಮಳೆ, ಸಂತೆಯ ವ್ಯಾಪಾರಿ ಎಲ್ಲ ಗೇಮ್ ಮಾಸ್ಟರ್ ಪಾಲಿಗೆ. ಏಟು ಬಿತ್ತೋ ಇಲ್ವೋ ಅನ್ನೋದಕ್ಕೆ ಇಪ್ಪತ್ತು ಮುಖದ ದಾಳ. ನಾವು ಎಲ್ಲರೆದುರು ಹಾಕ್ತೀವಿ. ಅವನು ಒಂದು ರಟ್ಟಿನ ಪರದೆ ನಿಲ್ಲಿಸಿಕೊಂಡು ಅದರ ಹಿಂದೆ ಹಾಕ್ತಾನೆ.

ಬಾಗಿಲ ಆಚೆ ಯಾರೋ ಅಡಗಿದ್ದಾರಾ ಅನ್ನೋ ಥರದ ದಾಳ ಗುಟ್ಟಾಗೇ ಹಾಕಲಿ, ಅದಕ್ಕೆ ತಕರಾರಿಲ್ಲ. ನನ್ನ ತಕರಾರು, ಪರದೆ ಹಿಂದೆ ಬಿದ್ದ ಸಂಖ್ಯೆಯನ್ನ ನುಂಗಿಕೊಂಡು ಬೇರೆ ಸಂಖ್ಯೆ ಹೇಳೋದರ ಬಗ್ಗೆ.

ಇದಕ್ಕೆ ಶಾಸ್ತ್ರಾಧಾರ ಇಲ್ಲ ಅಂತಲ್ಲ. ಈ ಆಟ ಹುಟ್ಟಿದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕೈಯಲ್ಲಿ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್, ದಾಳ ಹೇಳಿದ್ದನ್ನ ತಳ್ಳಿಹಾಕೋ ಹಕ್ಕು ಗೇಮ್ ಮಾಸ್ಟರಿಗೆ ಯಾವಾಗಲೂ ಇದೆ ಅಂತಲೇ ಬರೆದ. 2014ರ ಗೈಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಉದಾಹರಣೆ ಕೊಡುತ್ತೆ: ಸಾಲಾಗಿ ಎರಡು ಕ್ರಿಟಿಕಲ್ ಏಟು ಬಿದ್ದು ಪಾತ್ರ ಸಾಯೋ ಹಾಗಿದ್ರೆ ಎರಡನೆಯದನ್ನ ಮಾಮೂಲಿ ಏಟು ಮಾಡಿಬಿಡಬಹುದಂತೆ. ಪದೇ ಪದೇ ಮಾಡಬೇಡಿ, ಮಾಡಿದ್ದು ಗೊತ್ತಾಗೋಕೂ ಬಿಡಬೇಡಿ ಅನ್ನೋ ಬುದ್ಧಿವಾದ ಬೇರೆ! ಕ್ರಿಟಿಕಲ್ ಅಂದ್ರೆ ಇಪ್ಪತ್ತು ಬೀಳೋದು, ನೂರಕ್ಕೆ ಐದು. ಸಾಲಾಗಿ ಎರಡು ಅಂದ್ರೆ ನಾನೂರಕ್ಕೆ ಒಂದು. ಹಾಗೆ ಬಿದ್ದಾಗಲೇ ಅಲ್ವಾ ಎಲ್ಲರೂ ಕುರ್ಚಿ ಬಿಟ್ಟು ಏಳೋದು? ಅದನ್ನೇ ಮುಚ್ಚಿಡೋದಾದ್ರೆ ದಾಳ ಯಾಕೆ ಬೇಕಿತ್ತು.

ಅದಕ್ಕಿಂತ ದೊಡ್ಡ ಸಮಸ್ಯೆ ಇದೆ, ಇದನ್ನ ನಮ್ಮ ಗುಂಪಿನಲ್ಲೇ ನೋಡಿದೀನಿ. ಎಂಟು ತಿಂಗಳು, ಹೆಚ್ಚುಕಮ್ಮಿ ಪ್ರತಿ ಶನಿವಾರ ಆಡಿದ ಕಥೆ, ಕೊನೇ ಕಾಳಗ. ಕ್ಲೆರಿಕ್ ಆಡ್ತಿದ್ದ ಗೆಳೆಯ ಆ ದಿನಕ್ಕೆ ಉಳಿದಿದ್ದ ಒಂದೇ ಒಂದು ಮಂತ್ರವನ್ನ ಜಿಪುಣನ ಹಾಗೆ ಕಾಪಾಡಿಕೊಂಡು ಬಂದಿದ್ದ. ಹಿಂದಿನ ಎರಡು ಜಗಳದಲ್ಲಿ ತನಗೇ ಗಾಯವಾದ್ರೂ ಬಳಸಿರಲಿಲ್ಲ. ಡ್ರ್ಯಾಗನ್ ನಮ್ಮ ಕತ್ತಿಯವನಿಗೆ ಹೊಡೀತು. ಗೇಮ್ ಮಾಸ್ಟರ್ ಪರದೆ ಹಿಂದೆ ನೋಡಿ ಒಂದು ಸಂಖ್ಯೆ ಹೇಳಿದ. ಕತ್ತಿಯವನು ಬದುಕಿದ, ನಾವು ಗೆದ್ದೆವು. ಆಮೇಲೆ ಬಿರಿಯಾನಿ ತಿನ್ನುವಾಗ ಗೇಮ್ ಮಾಸ್ಟರ್ ಎದೆಯುಬ್ಬಿಸಿ, "ನಾನೇ ಉಳಿಸಿದ್ದು ಕಣ್ರೋ, ಬಿದ್ದಿದ್ದು ಅದರ ಡಬಲ್ಲು" ಅಂದ. ಕ್ಲೆರಿಕ್ ಗೆಳೆಯ ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ನಾನು ಯಾಕೋ ಅದನ್ನ ಉಳಿಸಿಕೊಂಡು ಬಂದೆ?" ಅಂತ ಕೇಳಿದ. ಉತ್ತರ ಬರಲಿಲ್ಲ. ಮುಂದಿನ ಕಥೆಗೆ ಅವನು ಬರಲಿಲ್ಲ.

ಒಬ್ಬನನ್ನ ಉಳಿಸಿದೆ ಅನ್ಕೊಂಡ ಮಹಾನುಭಾವ, ಇನ್ನೊಬ್ಬನ ಜೇಬಿಗೆ ಕೈ ಹಾಕಿದ್ದ. ಆ ಏಟು ನಿಜವಾದಷ್ಟೇ ಬಿದ್ದಿದ್ದರೆ ಆ ಮಂತ್ರಕ್ಕೆ ಅರ್ಥ ಇರ್ತಿತ್ತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಇಲ್ಲದೆ ಪ್ರೊಡಕ್ಷನ್ ಡೇಟಾಬೇಸಿನಲ್ಲಿ ಕೈಯಾಡಿಸಿದ ಹಾಗೆ. ಇವತ್ತು ಒಳ್ಳೇದಕ್ಕೇ ಮಾಡಿರಬಹುದು, ನಾಳೆಯಿಂದ ಆ ಡೇಟಾ ಯಾರು ನಂಬ್ತಾರೆ? ಅವತ್ತಿನ ನಂತರ ಆ ಎಂಟು ತಿಂಗಳಲ್ಲಿ ನಾವು ನಿಜವಾಗಿ ಗೆದ್ದಿದ್ದು ಯಾವುದು ಅಂತಲೇ ನಮಗೆ ಗೊತ್ತಿಲ್ಲ.

ಸ್ವಲ್ಪ ಓದಿಕೊಂಡವರು ಇಲ್ಲಿ ಪ್ರಷ್ಯಾದ ಕಥೆ ತೆಗೀತಾರೆ. 1824ರಲ್ಲಿ ರೈಸ್‌ವಿಟ್ಸ್ ಅನ್ನೋ ಪ್ರಷ್ಯನ್ ಸೇನಾಧಿಕಾರಿ ಕ್ರೀಗ್ಸ್‌ಪೀಲ್ ಅನ್ನೋ ಯುದ್ಧದಾಟಕ್ಕೆ ನಿಯಮ ಬರೆದ. ನಕ್ಷೆ, ದಾಳ, ಲೆಕ್ಕದ ಕೋಷ್ಟಕ, ನಡುವೆ ಒಬ್ಬ ಅಂಪೈರ್. ಕೋಷ್ಟಕ ನೋಡಿ ನೋಡಿ ಜನಕ್ಕೆ ಸಾಕಾಯ್ತು. 1876ರಲ್ಲಿ ವೆರ್ಡಿ ಡು ವೆರ್ನ್ವಾ, ದಾಳವೂ ಬೇಡ ಕೋಷ್ಟಕವೂ ಬೇಡ, ಅಂಪೈರ್ ತನ್ನ ಅನುಭವದಿಂದ ತೀರ್ಪು ಕೊಡಲಿ ಅಂದ. ನೋಡಿ, ಆಗಲೇ ಗೇಮ್ ಮಾಸ್ಟರೇ ಸರ್ವಾಧಿಕಾರಿ ಅಂತ ಇವರ ವಾದ.

ಸರಿ, ಆದ್ರೆ ಎರಡು ವಿಷಯ ಮರೀತಾರೆ. ವೆರ್ಡಿ 1870-71ರ ಫ್ರಾನ್ಸ್ ಯುದ್ಧದಲ್ಲಿ ಮೋಲ್ಟ್‌ಕೆಯ ಜೊತೆ ಕೆಲಸ ಮಾಡಿದವನು, ಅನುಭವ ಅಂದ್ರೆ ನಿಜವಾದ ಅನುಭವ. (ನಮ್ಮ ಗೇಮ್ ಮಾಸ್ಟರ್ ಡ್ರ್ಯಾಗನ್ ಎಷ್ಟು ಕಂಡಿದ್ದಾನೋ ದೇವರೇ ಬಲ್ಲ.) ಎರಡನೆಯದು, ಅವನು ದಾಳವನ್ನ ಬಹಿರಂಗವಾಗಿ ಬಿಟ್ಟ. ತೀರ್ಪು ನನ್ನದು ಅಂತ ಒಪ್ಪಿಕೊಂಡು ಕೊಟ್ಟ. ನಮ್ಮವರಿಗೆ ಎರಡೂ ಬೇಕು: ತೀರ್ಮಾನ ತಮ್ಮದು, ಹೆಸರು ಮಾತ್ರ ದಾಳದ್ದು.

ರೂಲ್ ಬುಕ್ಕಿನಲ್ಲಿ ಎಲ್ಲಾ ಇರೋಕಾಗಲ್ಲ, ಒಪ್ತೀನಿ. ಯಾರೋ ಮೆಟ್ಟಿಲ ಮೇಲೆ ಎಣ್ಣೆ ಸುರಿದು ಕಾವಲುಗಾರನನ್ನ ಜಾರಿಸ್ತೀನಿ ಅಂತಾನೆ. ಅದಕ್ಕೆ ಯಾವ ಪುಟದಲ್ಲೂ ಉತ್ತರ ಇಲ್ಲದೇ ಇರಬಹುದು. ಅಲ್ಲಿ ಗೇಮ್ ಮಾಸ್ಟರ್ ಹೇಳಿದ್ದೇ ಕೊನೆ, ನಾನು ತಕರಾರು ತೆಗೆಯಲ್ಲ. ಹನ್ನೆರಡು ಬಿದ್ರೆ ಜಾರ್ತಾನೆ ಅಂತ ದಾಳ ಹಾಕೋ ಮೊದಲು ಹೇಳಲಿ, ಸಾಕು. ಒಂದು ರೂಲು ಸರಿಯಿಲ್ಲ ಅನ್ನಿಸಿದ್ರೆ ಇವತ್ತಿಂದ ಇದು ಬೇಡ ಅಂತ ಎಲ್ಲರೆದುರು ಕಿತ್ತುಹಾಕಲಿ. ಯಾರೂ ಸಾಯಬಾರದು ಅಂತಿದ್ರೆ ಅದನ್ನೂ ಮೊದಲೇ ಹೇಳಲಿ, ಅಂಥ ಆಟವೂ ಚೆನ್ನಾಗೇ ಇರುತ್ತೆ. 2010ರಲ್ಲಿ ವಿನ್ಸೆಂಟ್ ಬೇಕರ್ ಬರೆದ ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಆಟಗಾರರು ಮಾತ್ರ ದಾಳ ಹಾಕೋದು, ಆಟ ನಡೆಸೋನು ಏನು ಮಾಡಬೇಕು ಅನ್ನೋದಕ್ಕೂ ರೂಲು ಇದೆ. 2009ರ ಫಿಯಾಸ್ಕೋದಲ್ಲಂತೂ ಗೇಮ್ ಮಾಸ್ಟರೇ ಇಲ್ಲ. ಆಕಾಶ ಏನೂ ಕಳಚಿ ಬೀಳಲಿಲ್ಲ.

ಕೊನೇಗೆ ಬರೋದು "ಎಲ್ಲಾ ಕಥೆಗೋಸ್ಕರ" ಅನ್ನೋ ಅಸ್ತ್ರ. ಕಥೆ ಹೇಗೆ ಮುಗೀಬೇಕು ಅಂತ ನಿನಗೆ ಮೊದಲೇ ಗೊತ್ತಿದ್ರೆ ಬರೆದು ಬ್ಲಾಗಿಗೆ ಹಾಕು ಮಾರಾಯ, ಮೊದಲ ಕಾಮೆಂಟು ನಂದೇ. ನಾಲ್ಕು ಜನರ ಶನಿವಾರ ಯಾಕೆ ತಗೋತೀಯ?

ಈಗ ನಮ್ಮಲ್ಲಿ ಆಟ ನಡೆಸೋದು ನಾನು. ಪರದೆ ಇದೆ, ಅದರ ಹಿಂದೆ ನಕ್ಷೆ, ಟಿಪ್ಪಣಿ ಇಟ್ಕೋತೀನಿ. ಏಟಿನ ದಾಳ ಮಾತ್ರ ಮೇಜಿನ ನಡುವೆ, ಊಟದ ಸ್ಟೀಲ್ ತಟ್ಟೆಯಲ್ಲಿ. ಸದ್ದು ಜಾಸ್ತಿ, ಕೆಳಗಿನ ಮನೆ ಆಂಟಿ ಎರಡು ಸಲ ಬೈದಿದ್ದಾರೆ. ಕ್ಲೆರಿಕ್ ಗೆಳೆಯನಿಗೆ ಮೆಸೇಜ್ ಮಾಡಿದೀನಿ, ಈ ಶನಿವಾರ ನೋಡೋಣ ಅಂದಿದ್ದಾನೆ.